ಎತ್ತು ಏರಿಗೆ, ಕೋಣ ನೀರಿಗೆ: ಜೋಡಿ ಎಂಜಿನ್ ದೋಣಿಗಳ ಥ್ರಾಟಲ್ ಹೊಂದಾಣಿಕೆ

ಎರಡು ಎಂಜಿನ್‌ಗಳುಳ್ಳ ದೋಣಿಯಲ್ಲಿ ಚಾಲಕನ ಮುಂದೆ ಎರಡು ಥ್ರಾಟಲ್ ಹಿಡಿಕೆಗಳು ಪಕ್ಕಪಕ್ಕದಲ್ಲಿರುತ್ತವೆ. ಎರಡನ್ನೂ ಒಂದೇ ಅಂಗೈಯಿಂದ ಸಮನಾಗಿ ಮುಂದಕ್ಕೆ ತಳ್ಳಿದರೆ ಎರಡು ಎಂಜಿನ್‌ಗಳೂ ಒಂದೇ ವೇಗದಲ್ಲಿ ತಿರುಗಬೇಕೆಂಬುದು ಆ ವ್ಯವಸ್ಥೆಯ ಉದ್ದೇಶ. ಬಳಕೆಯಲ್ಲಿರುವ ದೋಣಿಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣಸಿಗುತ್ತದೆ. ಒಂದು ಹಿಡಿಕೆ ಇನ್ನೊಂದಕ್ಕಿಂತ ಎರಡು ಬೆರಳಿನಷ್ಟು ಮುಂದಿದ್ದರೆ ಮಾತ್ರ ಎರಡೂ ಎಂಜಿನ್‌ಗಳ ವೇಗ ಸಮನಾಗುತ್ತದೆ. ಹಿಡಿಕೆಗಳನ್ನು ಸರಿಸಮನಾಗಿ ಇಟ್ಟರೆ ದೋಣಿ ಒಂದು ಬದಿಗೆ ಎಳೆಯುತ್ತದೆ. ಚಾಲಕನು ಇದಕ್ಕೆ ಒಗ್ಗಿಕೊಂಡಿರುತ್ತಾನೆ. ಮಾಲೀಕನ ಗಮನಕ್ಕೆ ಇದು ಬಂದಿರುವುದೇ ಇಲ್ಲ, ಬಂದಿದ್ದರೂ ಅದನ್ನು ದೋಷವೆಂದು ಎಣಿಸುವುದಿಲ್ಲ.

ಕರ್ನಾಟಕದ ಕರಾವಳಿಯ ಟ್ರಾಲ್ ದೋಣಿಗಳು ಬಹುಪಾಲು ಒಂಟಿ ಎಂಜಿನ್‌ನವು. ಅವುಗಳ ಮಾಲೀಕರಿಗೆ ಈ ಸಮಸ್ಯೆಯ ಪರಿಚಯ ಕಡಮೆ. ಆದರೆ ಪ್ರವಾಸಿಗರನ್ನು ಕೊಂಡೊಯ್ಯುವ ದೋಣಿಗಳು, ಗಸ್ತು ದೋಣಿಗಳು, ಬಂದರುಗಳ ಪೈಲಟ್ ಲಾಂಚುಗಳು ಮತ್ತು ಟಗ್‌ಗಳಲ್ಲಿ ಜೋಡಿ ಎಂಜಿನ್ ಸಾಮಾನ್ಯ. ಒಂದು ಕೆಟ್ಟರೆ ಇನ್ನೊಂದರ ಬಲದಿಂದ ದಡ ಸೇರಬಹುದೆಂಬುದು ಹಾಗೂ ಇಕ್ಕಟ್ಟಾದ ಧಕ್ಕೆಯಲ್ಲಿ ದೋಣಿಯನ್ನು ನಿಂತಲ್ಲೇ ತಿರುಗಿಸಬಹುದೆಂಬುದು ಅದರ ಲಾಭ. ಇಂಥ ದೋಣಿಯನ್ನು ಕೊಳ್ಳುವವನು ಎರಡು ಎಂಜಿನ್‌ಗಳ ಬೆಲೆಯನ್ನು, ಎರಡು ಗೇರುಪೆಟ್ಟಿಗೆಗಳ ಬೆಲೆಯನ್ನು, ಎರಡು ಪ್ರೊಪೆಲ್ಲರುಗಳ ಬೆಲೆಯನ್ನು ತೆರುತ್ತಾನೆ. ಆ ಎರಡರ ನಡುವಣ ಹೊಂದಾಣಿಕೆಗೆ ಮಾತ್ರ ಯಾರೂ ಬೆಲೆ ಕಟ್ಟಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಹೊಲದವರು ಮಾತ್ರವಲ್ಲ, ದೋಣಿಯವರೂ ನೆನಪಿಡಬೇಕಾದ ಸಂದರ್ಭವಿದು.

ನಷ್ಟ ಎಷ್ಟು ಎಂಬ ಪ್ರಶ್ನೆ ವ್ಯಾಪಾರಿಗಳಿಂದ ಮೊದಲು ಬರುವುದು ಸಹಜ. ಪ್ರೊಪೆಲ್ಲರು ಹೀರಿಕೊಳ್ಳುವ ಶಕ್ತಿಯು ಅದರ ವೇಗದ ಘನಕ್ಕೆ ಸರಿಸುಮಾರು ಅನುಗುಣವಾಗಿ ಏರುತ್ತದೆ. ಒಂದು ಎಂಜಿನ್ ನಿಮಿಷಕ್ಕೆ 2,000 ಸುತ್ತು, ಇನ್ನೊಂದು 1,800 ಸುತ್ತು ತಿರುಗುತ್ತಿದ್ದರೆ ವೇಗದಲ್ಲಿ ವ್ಯತ್ಯಾಸ ಶೇಕಡ 10 ಮಾತ್ರ. ಹೊರುವ ಹೊರೆಯಲ್ಲಿ ಮೊದಲನೆಯದು 100 ಪಾಲು ಹೊತ್ತರೆ ಎರಡನೆಯದು 73 ಪಾಲು ಹೊರುತ್ತದೆ. ವಾಸ್ತವದಲ್ಲಿ ಎರಡನೆಯದರ ಪಾಲು ಇನ್ನೂ ಕಡಮೆ, ಏಕೆಂದರೆ ಮೊದಲನೆಯ ಎಂಜಿನ್ ದೋಣಿಯನ್ನು ಎಳೆದೊಯ್ಯುತ್ತಿರುವಾಗ ನಿಧಾನವಾಗಿರುವ ಪ್ರೊಪೆಲ್ಲರಿನ ಎದುರಿಗೆ ನೀರು ಹೆಚ್ಚು ವೇಗದಿಂದ ಬರುತ್ತದೆ. ಹೀಗೆ ಒಂದು ಬದಿಯ ನೂಕು ಹೆಚ್ಚಾದಾಗ ದೋಣಿ ನೇರ ಹೋಗಲು ಚುಕ್ಕಾಣಿಯನ್ನು ಸದಾ ಒಂದಿಷ್ಟು ತಿರುಗಿಸಿಯೇ ಹಿಡಿಯಬೇಕು. ತಿರುಗಿದ ಚುಕ್ಕಾಣಿ ನೀರಿಗೆ ಅಡ್ಡ ನಿಂತ ಹಲಗೆ. ಅದನ್ನು ದೂಡಲು ವ್ಯಯವಾಗುವ ಡೀಸೆಲ್ ಯಾವ ಪ್ರಯಾಣಿಕನನ್ನೂ ಒಯ್ಯುವುದಿಲ್ಲ. ಇದರ ಜೊತೆಗೆ ಒಂದು ಎಂಜಿನ್ ಬೇಗ ಸವೆಯುತ್ತದೆ, ಇನ್ನೊಂದು ಅರೆಹೊರೆಯಲ್ಲಿ ಮಸಿಗಟ್ಟುತ್ತದೆ. ಒಂದೇ ದಿನ ಕೊಂಡ ಎರಡು ಎಂಜಿನ್‌ಗಳು ಬೇರೆ ಬೇರೆ ವರ್ಷಗಳಲ್ಲಿ ರಿಪೇರಿಗೆ ಬರುವುದರ ಹಿಂದೆ ಕೆಲವೊಮ್ಮೆ ಇದೇ ಕಾರಣವಿರುತ್ತದೆ.

ಹಣಕ್ಕಿಂತ ದೊಡ್ಡದು ಅಪಾಯ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ಅಲೆಯ ಬೆನ್ನ ಮೇಲೆ ಬರುವ ದೋಣಿ ಅಡ್ಡ ತಿರುಗಬಾರದು. ಆ ಕ್ಷಣದಲ್ಲಿ ಚಾಲಕನು ಹಿಡಿಕೆಗಳನ್ನು ಕಣ್ಣಿನಿಂದ ನೋಡುವುದಿಲ್ಲ, ಕೈಯಂದಾಜಿನಲ್ಲಿ ತಳ್ಳುತ್ತಾನೆ. ಹಿಡಿಕೆಗಳು ಒಂದು ಹೇಳಿ ಎಂಜಿನ್‌ಗಳು ಇನ್ನೊಂದು ಮಾಡಿದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಖಾಯಂ ಚಾಲಕನು ಎಡದ್ದನ್ನು ಎರಡು ಬೆರಳು ಮುಂದೆ ಇಡಬೇಕೆಂದು ಬಲ್ಲವನಾಗಿರಬಹುದು. ಆದರೆ ಅವನು ರಜೆಯಲ್ಲಿರುವ ದಿನ ಬದಲಿಗೆ ಬರುವವನಿಗೆ ಇದು ತಿಳಿದಿರುವುದಿಲ್ಲ. ಇಡೀ ದೋಣಿಯ ಸುರಕ್ಷತೆ ಒಬ್ಬ ಮನುಷ್ಯನ ಎಡಗೈಯ ಅಭ್ಯಾಸದ ಮೇಲೆ ನಿಂತಿದ್ದರೆ ಅದನ್ನು ಉದ್ಯಮವೆಂದು ಕರೆಯುವುದು ಕಷ್ಟ.

ಹೀಗಿದ್ದೂ ಈ ದೋಷ ವರ್ಷಗಟ್ಟಲೆ ಉಳಿಯುವುದಕ್ಕೆ ಕಾರಣ ಅಜ್ಞಾನವಲ್ಲ. ವರ್ಕ್‌ಶಾಪಿನ ಬಿಲ್ಲಿನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸಾಲು ಇಲ್ಲದಿರುವುದೇ ಕಾರಣ. ಎಣ್ಣೆ ಬದಲಾವಣೆಗೆ ಸಾಲಿದೆ, ಇಂಧನ ಫಿಲ್ಟರಿಗೆ ಸಾಲಿದೆ, ನಳಿಕೆಗಳ ಪರೀಕ್ಷೆಗೆ ಸಾಲಿದೆ. ಥ್ರಾಟಲ್ ಕೇಬಲ್ ಸರಿಪಡಿಸುವುದು ಮೆಕ್ಯಾನಿಕ್ ಹೊರಡುವ ಮುನ್ನ ಐದು ನಿಮಿಷದಲ್ಲಿ ಮುಗಿಸಿಕೊಡುವ ಉಚಿತ ಉಪಕಾರ. ಉಚಿತ ಉಪಕಾರದಲ್ಲಿ ಅಳತೆ ಇರುವುದಿಲ್ಲ. ಕೇಬಲ್ಲಿನ ತುದಿಯನ್ನು ನಾಲ್ಕು ಸುತ್ತು ತಿರುಗಿಸಿ, ಎರಡು ಮುಳ್ಳುಗಳು ಒಂದೇ ಅಂಕಿಗೆ ಬಂದವೆಂದು ತೋರಿಸಿ, ನಟ್ಟು ಬಿಗಿದು ಹೊರಟುಹೋಗುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಆಗುವ ಹಾನಿ, ಏನೂ ಮಾಡದೆ ಬಿಡುವುದರ ಹಾನಿಗಿಂತ ಹೆಚ್ಚಾಗಿರುವ ಸಂದರ್ಭಗಳೂ ಉಂಟು.

ಸ್ಕೂಟರು ಅಥವಾ ಆಟೋರಿಕ್ಷಾದ ಆಕ್ಸಲರೇಟರ್ ಕೇಬಲ್ ಎಲ್ಲರಿಗೂ ಪರಿಚಿತ. ಅದು ಎಳೆಯಬಲ್ಲದು ಅಷ್ಟೇ. ಹಿಂದಕ್ಕೆ ಬರಲು ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಬೇಕು. ದೋಣಿಯ ನಿಯಂತ್ರಣ ಕೇಬಲ್ ಎಳೆಯುವುದೂ ಉಂಟು, ನೂಕುವುದೂ ಉಂಟು. ಅದರ ಒಳಎಳೆ ಗಡುಸಾದುದು. ಹೊರಕವಚದೊಳಗೆ ಅದು ಸಡಿಲವಿಲ್ಲದೆ ಜಾರಬೇಕು. ಕೇಬಲ್ ಹೆಚ್ಚು ಬಳುಕಿದಷ್ಟೂ ಒಳಎಳೆಯು ಬಾಗಿನ ಒಳಗೋಡೆಗೂ ಹೊರಗೋಡೆಗೂ ನಡುವೆ ಸರಿಯುತ್ತ ಚಲನೆಯ ಒಂದು ಪಾಲನ್ನು ನುಂಗುತ್ತದೆ. ಬಲ ಎಂಜಿನ್ನಿನ ಕೇಬಲ್ ನೇರ ಹಾದಿಯಲ್ಲಿ ಬಂದು, ಎಡದ್ದು ಡೀಸೆಲ್ ಟ್ಯಾಂಕನ್ನು ಸುತ್ತಿ ಮೂರು ಬಾಗುಗಳ ಮೂಲಕ ಬಂದರೆ ಎರಡರ ನಡತೆ ಒಂದೇ ಆಗಿರಲು ಸಾಧ್ಯವಿಲ್ಲ. ದೋಣಿ ಕಟ್ಟುವವರು ಕೇಬಲ್ಲಿನ ಹಾದಿಯನ್ನು ಕೊನೆಯಲ್ಲಿ, ಉಳಿದ ಜಾಗದಲ್ಲಿ ಯೋಚಿಸುತ್ತಾರೆ. ಅದನ್ನು ನಕ್ಷೆಯಲ್ಲಿಯೇ ಗುರುತಿಸುವ ಪದ್ಧತಿ ಬರಬೇಕಿದೆ. ಎರಡೂ ಕೇಬಲ್ಲುಗಳು ಒಂದೇ ತಯಾರಕರವು, ಒಂದೇ ಉದ್ದದವು, ಆದಷ್ಟೂ ಒಂದೇ ಬಗೆಯ ಬಾಗುಗಳುಳ್ಳವು ಆಗಿರಬೇಕು. ಒಂದು ಹಾಳಾದರೆ ಎರಡನ್ನೂ ಬದಲಾಯಿಸಬೇಕು. ಇದು ಕೇಬಲ್ ಮಾರುವವರ ಅನುಕೂಲಕ್ಕಾಗಿ ಹೇಳುವ ಮಾತಲ್ಲ.

ಹೊಂದಾಣಿಕೆಗೆ ಕೈ ಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಮೀಟರು ನಿಜ ಹೇಳುತ್ತಿದೆಯೇ ಎಂಬುದು. ಅನೇಕ ದೋಣಿಗಳ ಟ್ಯಾಕೋಮೀಟರು ತನ್ನ ಸಂಕೇತವನ್ನು ಆಲ್ಟರ್ನೇಟರಿನಿಂದ ಪಡೆಯುತ್ತದೆ. ಆಲ್ಟರ್ನೇಟರಿನಲ್ಲಿ ಎಷ್ಟು ಧ್ರುವಗಳಿವೆ, ಅದರ ಪುಲ್ಲಿಯ ವ್ಯಾಸವೆಷ್ಟು ಎಂಬುದರ ಮೇಲೆ ಆ ಅಂಕಿ ನಿಂತಿದೆ. ಒಂದು ಬದಿಯ ಆಲ್ಟರ್ನೇಟರ್ ಸುಟ್ಟುಹೋಗಿ, 12 ಧ್ರುವಗಳ ಜಾಗದಲ್ಲಿ 14 ಧ್ರುವಗಳದ್ದನ್ನು ಕೂರಿಸಿದ್ದಾರೆಂದು ಭಾವಿಸೋಣ. ದೀಪ ಉರಿಯುತ್ತದೆ, ಬ್ಯಾಟರಿ ತುಂಬುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮೀಟರನ್ನು ಹೊಸ ಆಲ್ಟರ್ನೇಟರಿಗೆ ಸರಿಹೊಂದಿಸದಿದ್ದರೆ ಆ ಎಂಜಿನ್ 1,800 ಸುತ್ತು ತಿರುಗುವಾಗ ಅದು 2,100 ತೋರಿಸುತ್ತದೆ. ಆಗ ಚಾಲಕನು ಆ ಬದಿಯ ಹಿಡಿಕೆಯನ್ನು ಹಿಂದಕ್ಕೆಳೆದು ಮುಳ್ಳುಗಳನ್ನು ಸಮ ಮಾಡುತ್ತಾನೆ. ಹಿಡಿಕೆ ಓರೆಯಾಗಿದೆ ಎಂದು ದೂರುತ್ತಾನೆ. ಮೆಕ್ಯಾನಿಕ್ ಬಂದು ಸರಿಯಾಗಿದ್ದ ಕೇಬಲ್ಲನ್ನು ಕೆಡಿಸಿ ಹಿಡಿಕೆಗಳನ್ನು ನೇರ ಮಾಡುತ್ತಾನೆ. ಸುಳ್ಳು ಹೇಳಿದ್ದು ಮೀಟರು, ಶಿಕ್ಷೆ ಅನುಭವಿಸಿದ್ದು ಎಂಜಿನ್. ಕ್ರ್ಯಾಂಕ್ ಪುಲ್ಲಿಗೆ ಪ್ರತಿಫಲಿಸುವ ಪಟ್ಟಿಯ ಚೂರನ್ನು ಅಂಟಿಸಿ, ಕೈಯಲ್ಲಿ ಹಿಡಿಯುವ ಬೆಳಕಿನ ಟ್ಯಾಕೋಮೀಟರಿನಿಂದ ಎರಡೂ ಎಂಜಿನ್‌ಗಳನ್ನು ನೇರವಾಗಿ ಅಳೆದರೆ ಈ ಗೊಂದಲ ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ. ಆ ಉಪಕರಣ ಈಗ ದುಬಾರಿಯೇನಲ್ಲ. ಅದಿಲ್ಲದ ವರ್ಕ್‌ಶಾಪು ಥ್ರಾಟಲ್ ಹೊಂದಾಣಿಕೆಯ ಕೆಲಸವನ್ನು ಒಪ್ಪಿಕೊಳ್ಳಬಾರದು.

ಎರಡನೆಯದಾಗಿ ಎಂಜಿನ್‌ಗಳ ಎರಡು ತುದಿಗಳನ್ನು ನೋಡಬೇಕು. ಯಾಂತ್ರಿಕ ಗವರ್ನರ್ ಇರುವ ಡೀಸೆಲ್ ಎಂಜಿನ್ನಿನಲ್ಲಿ ಥ್ರಾಟಲ್ ತೋಳು ಕೆಳಗೆ ಒಂದು ತಡೆಸ್ಕ್ರೂವಿಗೂ ಮೇಲೆ ಇನ್ನೊಂದು ತಡೆಸ್ಕ್ರೂವಿಗೂ ನಡುವೆ ಓಡಾಡುತ್ತದೆ. ಕೇಬಲ್ಲನ್ನು ಕಳಚಿ, ತೋಳನ್ನು ಕೈಯಿಂದಲೇ ಎರಡು ತುದಿಗಳಿಗೂ ಮುಟ್ಟಿಸಿ ವೇಗವನ್ನು ಬರೆದುಕೊಳ್ಳಬೇಕು. ಕೆಳತುದಿಯ ವೇಗಗಳು ಬೇರೆಯಾಗಿದ್ದರೆ ಅದನ್ನು ಎಂಜಿನ್ನಿನಲ್ಲಿಯೇ, ತಯಾರಕರು ಹೇಳಿದ ಅಂಕಿಗೆ ತರಬೇಕು. ಕೇಬಲ್ಲಿನಿಂದ ತೋಳನ್ನು ಎತ್ತಿ ಹಿಡಿದು ಅಲ್ಲ. ಮೇಲಿನ ತಡೆಸ್ಕ್ರೂವಿಗೆ ಸಾಮಾನ್ಯವಾಗಿ ಕಾರ್ಖಾನೆಯ ಮುದ್ರೆ ಇರುತ್ತದೆ. ಅದನ್ನು ಮುಟ್ಟುವ ಅಧಿಕಾರ ದೋಣಿಯ ಮೆಕ್ಯಾನಿಕ್‌ಗೆ ಇಲ್ಲ. ಮುದ್ರೆ ಒಡೆದಿದ್ದರೆ ಅದೇ ಒಂದು ವರದಿ.

ಮೂರನೆಯ ಅಂಶಕ್ಕೆ ಬಹುತೇಕರು ಬರುವುದೇ ಇಲ್ಲ, ಮತ್ತು ತೊಂದರೆಯ ಬೇರು ಅನೇಕ ಬಾರಿ ಇಲ್ಲಿಯೇ ಇರುತ್ತದೆ. ಹಿಡಿಕೆಗಳು ಕೆಳತುದಿಯಲ್ಲಿ ಸಮ, ಮೇಲ್ತುದಿಯಲ್ಲಿಯೂ ಸಮ, ಆದರೆ ದೋಣಿ ದಿನವಿಡೀ ಓಡುವ ನಡುವೇಗದಲ್ಲಿ ಓರೆ. ಕೇಬಲ್ಲಿನ ತುದಿಯನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ನಡುವೆ ಸರಿ ಮಾಡಿದರೆ ತುದಿಗಳು ಕೆಡುತ್ತವೆ. ಕಾರಣ ತೋಳಿನ ಕೋನ. ಎಂಜಿನ್ನಿನ ಥ್ರಾಟಲ್ ತೋಳು ಒಟ್ಟು 60 ಡಿಗ್ರಿ ತಿರುಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಎಂಜಿನ್ನಿನಲ್ಲಿ ತೋಳು ಅರ್ಧದಾರಿಯಲ್ಲಿರುವಾಗ ಕೇಬಲ್ಲಿಗೆ ಲಂಬವಾಗಿದೆ. ಇನ್ನೊಂದರಲ್ಲಿ ಯಾರೋ ತೋಳನ್ನು ಬಿಚ್ಚಿ ಮರುಜೋಡಿಸುವಾಗ ಹಲ್ಲು ತಪ್ಪಿ, ಆರಂಭದಲ್ಲಿಯೇ ಲಂಬವಾಗಿ ಕೂತಿದೆ. ಮೆಕ್ಯಾನಿಕ್ ತೋಳಿನ ಬೇರೊಂದು ರಂಧ್ರಕ್ಕೆ ಪಿನ್ನು ಹಾಕಿ ಎರಡು ತುದಿಗಳನ್ನೂ ಹೊಂದಿಸುತ್ತಾನೆ. ಈಗ ಹಿಡಿಕೆಗಳು ಅರ್ಧಕ್ಕೆ ಬಂದಾಗ ಮೊದಲ ತೋಳು 30 ಡಿಗ್ರಿ ತಿರುಗಿದ್ದರೆ ಎರಡನೆಯದು 26 ಡಿಗ್ರಿಗಿಂತ ತುಸು ಕಡಮೆ ತಿರುಗಿರುತ್ತದೆ. ನಿಮಿಷಕ್ಕೆ 700ರಿಂದ 2,400 ಸುತ್ತುಗಳವರೆಗೆ ಓಡುವ ಎಂಜಿನ್ನಿನಲ್ಲಿ ಇದರ ಅರ್ಥ ಸುಮಾರು 120 ಸುತ್ತುಗಳ ವ್ಯತ್ಯಾಸ. ಶಾಲೆಯ ತ್ರಿಕೋನಮಿತಿ ಬಲ್ಲವರು ಯಾರೂ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಮದ್ದು ಸರಳ: ಎರಡು ತೋಳುಗಳನ್ನೂ ಒಂದೇ ಕೋನದಲ್ಲಿ ಕೂರಿಸುವುದು, ಎರಡರಲ್ಲೂ ಒಂದೇ ರಂಧ್ರವನ್ನು ಬಳಸುವುದು, ಚಾಲಕನ ಪೀಠದ ಹಿಂದಿರುವ ತೋಳುಗಳಲ್ಲಿಯೂ ಅದೇ ಕ್ರಮ ಅನುಸರಿಸುವುದು. ಕೋನಮಾಪಕವೊಂದು ಇದ್ದರೆ ಸಾಕು. ಅದು ಉಪಕರಣಪೆಟ್ಟಿಗೆಯಲ್ಲಿ ಇರುವುದಿಲ್ಲ ಎಂಬುದಷ್ಟೇ ತೊಂದರೆ.

ಕೇಬಲ್ಲಿನ ತುದಿಗೆ ಕೈ ಹಾಕುವುದು ಇಷ್ಟೆಲ್ಲ ಆದ ಮೇಲೆ. ಆಗ ಉಳಿದಿರುವ ವ್ಯತ್ಯಾಸ ಒಂದೆರಡು ಸುತ್ತಿನದು ಮಾತ್ರ. ಒಂದೇ ಹಿಡಿಕೆಯಲ್ಲಿ ಗೇರೂ ಥ್ರಾಟಲ್ಲೂ ಇರುವ ಪೀಠಗಳಲ್ಲಿ ಮೊದಲು ಗೇರಿನ ಕೇಬಲ್ಲನ್ನು ಸರಿಪಡಿಸಿ, ಗೇರು ಪೂರ್ತಿ ಕೂತ ನಂತರವೇ ಥ್ರಾಟಲ್ ತೆರೆಯುವುದೆಂದು ಖಚಿತಪಡಿಸಿಕೊಳ್ಳಬೇಕು. ಅರೆಕೂತ ಗೇರಿನ ಮೇಲೆ ವೇಗ ಏರಿಸಿದರೆ ಕ್ಲಚ್ಚಿನ ತಟ್ಟೆಗಳು ಸುಡುತ್ತವೆ. ಆ ಬಿಲ್ಲು ಹತ್ತು ವರ್ಷದ ಕೇಬಲ್ ಖರ್ಚನ್ನು ಮೀರುತ್ತದೆ. ಲಾಕ್ ನಟ್ಟು ಬಿಗಿಯಬೇಕು, ಸ್ಟೇನ್‌ಲೆಸ್ ಸ್ಪ್ಲಿಟ್ ಪಿನ್ನು ಹೊಸದಾಗಿರಬೇಕು. ಮೇಲ್ಮಾಳಿಗೆಯಲ್ಲಿ ಎರಡನೆಯ ಪೀಠವಿದ್ದರೆ ಅಲ್ಲಿಂದಲೂ ಎಲ್ಲವನ್ನೂ ಪುನಃ ಪರೀಕ್ಷಿಸಬೇಕು.

ಇನ್ನು ಮುಖ್ಯ ವಿಚಾರ. ಧಕ್ಕೆಯಲ್ಲಿ ನ್ಯೂಟ್ರಲ್‌ನಲ್ಲಿ ಎರಡೂ ಎಂಜಿನ್‌ಗಳು ಹಿಡಿಕೆಯ ಪ್ರತಿ ಸ್ಥಾನದಲ್ಲಿಯೂ ಸಮನಾದವು. ದೋಣಿಯನ್ನು ನೀರಿಗೆ ಒಯ್ದು ಹೊರೆ ಕೊಟ್ಟಾಗ ಒಂದು ಎಂಜಿನ್ 100 ಸುತ್ತು ಹಿಂದೆ ಬಿದ್ದಿತು. ಚಾಲಕನ ಒತ್ತಾಯ ಏನಿರುತ್ತದೆಂದು ಎಲ್ಲರಿಗೂ ಗೊತ್ತು: ಕೇಬಲ್ಲನ್ನು ಇನ್ನೆರಡು ಸುತ್ತು ತಿರುಗಿಸಿ ಸಮ ಮಾಡಿ. ಇಲ್ಲಿ ಮೆಕ್ಯಾನಿಕ್ ನಿರಾಕರಿಸಬೇಕು, ಮಾಲೀಕನು ಆ ನಿರಾಕರಣೆಯನ್ನು ಗೌರವಿಸಬೇಕು. ಹೊರೆಯಿಲ್ಲದಾಗ ಸಮನಾಗಿದ್ದು ಹೊರೆಯಲ್ಲಿ ಹಿಂದೆ ಬೀಳುವ ಎಂಜಿನ್ ಕೇಬಲ್ಲಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಅದು ಕಟ್ಟಿಕೊಂಡ ಇಂಧನ ಫಿಲ್ಟರಿನ ಬಗ್ಗೆ, ಸೋರುವ ಟರ್ಬೊ ಕೊಳವೆಯ ಬಗ್ಗೆ, ದಣಿದ ನಳಿಕೆಯ ಬಗ್ಗೆ, ಬಾಗಿದ ಪ್ರೊಪೆಲ್ಲರಿನ ಬಗ್ಗೆ, ಅದರ ಎಲೆಗಳ ಮೇಲೆ ಬೆಳೆದ ಚಿಪ್ಪುಜೀವಿಗಳ ಬಗ್ಗೆ ಅಥವಾ ಶಾಫ್ಟಿಗೆ ಸುತ್ತಿಕೊಂಡ ಬಲೆಯ ತುಂಡಿನ ಬಗ್ಗೆ ಹೇಳುತ್ತಿದೆ. ಕೇಬಲ್ಲಿನಿಂದ ಆ ವ್ಯತ್ಯಾಸವನ್ನು ಅಳಿಸಿದರೆ ಹಿಡಿಕೆಗಳು ನೇರವಾಗಿ ನಿಲ್ಲುತ್ತವೆ, ಮೀಟರುಗಳು ಸಮ ತೋರಿಸುತ್ತವೆ, ಬಳಲಿದ ಎಂಜಿನ್ ಮಾತ್ರ ಹೆಚ್ಚು ಡೀಸೆಲ್ ಕುಡಿದು ಹೆಚ್ಚು ಬಿಸಿಯಾಗಿ ಓಡುತ್ತದೆ. ರೋಗಿಗೆ ಜ್ವರವಿದೆಯೆಂದು ಥರ್ಮಾಮೀಟರನ್ನು ತಿದ್ದಿದಂತಾಯಿತು. ಸರಿಯಾಗಿ ಹೊಂದಿಸಿದ ಥ್ರಾಟಲ್ಲಿನ ನಿಜವಾದ ಬೆಲೆ ಇಲ್ಲಿದೆ. ಹಿಡಿಕೆಗಳ ಓರೆ ಮುಂದೆಂದಾದರೂ ಕಾಣಿಸಿದರೆ ಅದು ಎಂಜಿನ್ನಿನ ದೋಷದ ಮೊದಲ ಸುದ್ದಿಯಾಗಿರುತ್ತದೆ. ಒಂದು ಎಂಜಿನ್ನಿಗೆ ಇನ್ನೊಂದೇ ಸಾಕ್ಷಿ. ಒಂಟಿ ಎಂಜಿನ್ನಿನ ದೋಣಿಗೆ ಇಲ್ಲದ ಈ ಅನುಕೂಲವನ್ನು ಜೋಡಿ ಎಂಜಿನ್ನಿನ ಮಾಲೀಕರು ಹಣ ಕೊಟ್ಟು ಪಡೆದಿರುತ್ತಾರೆ. ಐದು ನಿಮಿಷದ ಉಪಕಾರಕ್ಕಾಗಿ ಅದನ್ನು ಕಳೆದುಕೊಳ್ಳುತ್ತಾರೆ.

ಅನುಭವಿ ಚಾಲಕರ ಕಿವಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಎರಡು ಎಂಜಿನ್‌ಗಳ ವೇಗದಲ್ಲಿ ತುಸು ವ್ಯತ್ಯಾಸವಿದ್ದಾಗ ಅವುಗಳ ಸದ್ದು ಸೇರಿ ಏರಿಳಿಯುವ ಒಂದು ಮಿಡಿತ ಕೇಳಿಸುತ್ತದೆ. ಆರು ಸಿಲಿಂಡರುಗಳ ನಾಲ್ಕು ಹೊಡೆತದ ಎಂಜಿನ್‌ಗಳಾದರೆ ಪ್ರತಿ ಸುತ್ತಿಗೆ ಮೂರು ಸಿಲಿಂಡರುಗಳು ಸಿಡಿಯುತ್ತವೆ. ಆದ್ದರಿಂದ 20 ಸುತ್ತುಗಳ ವ್ಯತ್ಯಾಸಕ್ಕೆ ನಿಮಿಷಕ್ಕೆ 60 ಮಿಡಿತ, ಅಂದರೆ ಸೆಕೆಂಡಿಗೊಂದು. ಮೀಟರಿನ ಮುಖದ ಮೇಲೆ 20 ಸುತ್ತುಗಳನ್ನು ಯಾರೂ ಓದಲಾರರು. ಮಿಡಿತ ನಿಧಾನವಾಗುತ್ತ ನಿಂತುಹೋಗುವವರೆಗೆ ಒಂದು ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸುವ ಹಳೆಯ ತಂಡೇಲರ ವಿದ್ಯೆ ಹೀಗಾಗಿ ಮೀಟರಿಗಿಂತ ಸೂಕ್ಷ್ಮವಾದದ್ದು. ಆದರೆ ಆ ಕಿವಿ ಹೇಳುವುದು ವೇಗಗಳು ಸಮನಾದವೆಂದು ಮಾತ್ರ. ಹೊರೆ ಸಮನೇ, ಹಿಡಿಕೆ ಏಕೆ ಓರೆ ಎಂಬ ಪ್ರಶ್ನೆಗಳಿಗೆ ಅದು ಉತ್ತರಿಸಲಾರದು.

ಸಣ್ಣ ಕೈಗಾರಿಕೆಗಳಿಗೆ ಇಲ್ಲಿ ನೇರ ಸಂಬಂಧವಿದೆ. ದೋಣಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 33ಸಿ ಮಾದರಿಯ ನಿಯಂತ್ರಣ ಕೇಬಲ್ಲಿನ ಎಂಜಿನ್ ತುದಿಯಲ್ಲಿ ಹತ್ತನೇ ನಂಬರಿನ, ಇಂಚಿಗೆ 32 ಸುತ್ತಿನ ಯುಎನ್‌ಎಫ್ ಮರೆ ಇರುತ್ತದೆ. ಅದರ ಹೊರವ್ಯಾಸ 4.83 ಮಿ.ಮೀ., ಸುತ್ತಿನ ಅಂತರ 0.794 ಮಿ.ಮೀ. ಭಾರತದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮೆಟ್ರಿಕ್ ಎಂ5. ವ್ಯಾಸ 5 ಮಿ.ಮೀ., ಅಂತರ 0.8 ಮಿ.ಮೀ. ಎರಡೂ ಎಷ್ಟು ಹತ್ತಿರವೆಂದರೆ ಎಂ5 ನಟ್ಟು ಆ ಕೇಬಲ್ಲಿನ ತುದಿಗೆ ಸರಾಗವಾಗಿ ಏರಿಬಿಡುತ್ತದೆ. ಸರಾಗವಾಗಿ ಏರುವುದೇ ಅಪಾಯ. ಮರೆಯ ಹಲ್ಲುಗಳು ಪರಸ್ಪರ ಪೂರ್ತಿ ಕಚ್ಚಿಕೊಳ್ಳದೆ ನಟ್ಟು ಸಡಿಲ ಕೂರುತ್ತದೆ, ಎಂಜಿನ್ನಿನ ಕಂಪನಕ್ಕೆ ಕೆಲವೇ ವಾರಗಳಲ್ಲಿ ಸರಿದುಬಿಡಬಹುದು. ಕೇಬಲ್ಲಿನ ತುದಿಯ ಒಂದು ಸುತ್ತು ಎಂದರೆ 0.794 ಮಿ.ಮೀ. ಚಲನೆ, 60 ಮಿ.ಮೀ. ಚಲನೆಯಲ್ಲಿ 1,700 ಸುತ್ತುಗಳ ವ್ಯಾಪ್ತಿಯಿರುವ ಎಂಜಿನ್ನಿಗೆ ಅದು ಸುಮಾರು 22 ಸುತ್ತುಗಳ ಬದಲಾವಣೆ. ಸಡಿಲ ನಟ್ಟಿನ ತುದಿ ಮೂರು ಸುತ್ತು ಸರಿದರೆ ಎಷ್ಟೇ ಜಾಣತನದಿಂದ ಮಾಡಿದ ಹೊಂದಾಣಿಕೆಯೂ ನೀರುಪಾಲು. ಪೂರ್ತಿ ಕಳಚಿದರಂತೂ ಹಿಡಿಕೆಗೂ ಎಂಜಿನ್ನಿಗೂ ಸಂಬಂಧವೇ ಇರುವುದಿಲ್ಲ.

ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಮಂಗಳೂರಿನ ಬೈಕಂಪಾಡಿಗಳ ಲೇತು ಶಾಲೆಗಳಿಗೆ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸರಿಯಾದ ಮರೆಯ ತುದಿಗಣ್ಣು, ಗುಂಡುಕೀಲು ಹಾಗೂ ಲಾಕ್ ನಟ್ಟು ಮಾಡುವುದು ದೊಡ್ಡ ಕೆಲಸವಲ್ಲ. ವಾಹನ ಉದ್ಯಮಕ್ಕೆ ಇದಕ್ಕಿಂತ ಕ್ಲಿಷ್ಟವಾದ ಬಿಡಿಭಾಗಗಳನ್ನು ಅವು ದಿನವೂ ತಯಾರಿಸುತ್ತಿವೆ. ಬೇಕಾಗಿರುವುದು ಪರಿಮಾಣದಲ್ಲಿ ಸಣ್ಣದಾದ ಈ ಬೇಡಿಕೆಯನ್ನು ಒಟ್ಟುಗೂಡಿಸುವ ವ್ಯಾಪಾರಿ. ಕರಾವಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ5 ಡಬ್ಬಿಯ ಪಕ್ಕದಲ್ಲಿ ಈ ಮರೆಯ ಡಬ್ಬಿಯೂ, ಎರಡರ ನಡುವೆ ಬೇರೆ ಬಣ್ಣದ ಚೀಟಿಯೂ ಇದ್ದರೆ ಅರ್ಧ ತೊಂದರೆ ನೀಗುತ್ತದೆ. ಇನ್ನೂ ಒಳ್ಳೆಯದು, ಎರಡು ಕೇಬಲ್, ಎರಡು ತುದಿಗಣ್ಣು, ನಟ್ಟು, ಪಿನ್ನುಗಳನ್ನು ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಮಾರುವುದು. ಬಿಡಿಯಾಗಿ ಮಾರಿದರೆ ಗ್ರಾಹಕನು ಹಾಳಾದುದೊಂದನ್ನೇ ಕೊಳ್ಳುತ್ತಾನೆ. ಒಂದು ಎಚ್ಚರಿಕೆ: ಪರಿಶೀಲನೆಯ ಗೇಜು ಇಲ್ಲದೆ ಈ ಮರೆಯನ್ನು ಯಾರೂ ತಯಾರಿಸಹೊರಡಬಾರದು. ಹೊಂದುವಂತೆ ಕಾಣುವ ಮರೆ ಹೊಂದದ ಮರೆಗಿಂತ ಕೆಟ್ಟದ್ದು.

ಎಲೆಕ್ಟ್ರಾನಿಕ್ ನಿಯಂತ್ರಣ ಬಂದ ಮೇಲೆ ಇವೆಲ್ಲ ಹಳೆಯ ಚರ್ಚೆ ಎನ್ನುವವರಿದ್ದಾರೆ. ಹೊಸ ದೊಡ್ಡ ದೋಣಿಗಳ ಮಟ್ಟಿಗೆ ಅದು ನಿಜವೂ ಹೌದು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಮಲ್ಪೆಯ ನೌಕಾನಿರ್ಮಾಣ ಘಟಕದಲ್ಲಿ ಕಟ್ಟಲಾಗುವ ಟಗ್‌ಗಳಂಥ ನೌಕೆಗಳಿಗೆ ಸ್ಕ್ರೂ ತಿರುಗಿಸುವ ಕೇಬಲ್ಲಿನ ಪಾಠ ಬೇಕಾಗದು. ಸಣ್ಣ ದೋಣಿಗಳ ಎಲೆಕ್ಟ್ರಾನಿಕ್ ಥ್ರಾಟಲ್‌ಗೆ ಐಎಸ್‌ಒ 25197 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಆದರೆ ಹಿಡಿಕೆಯಿಂದ ಹೊರಡುವ ಆಜ್ಞೆ ತಂತಿಯಲ್ಲಿ ಹೋದರೂ ಕೇಬಲ್ಲಿನಲ್ಲಿ ಹೋದರೂ ಬಾಗಿದ ಪ್ರೊಪೆಲ್ಲರು ಬಾಗಿಯೇ ಇರುತ್ತದೆ. ಒಂದು ಎಂಜಿನ್ನನ್ನು ಇನ್ನೊಂದರ ವೇಗಕ್ಕೆ ತಾನಾಗಿ ಹೊಂದಿಸುವ ಸಾಧನಗಳ ಅಪಾಯ ಇದೇ: ಬಳಲಿದ ಎಂಜಿನ್ನನ್ನು ಅವು ಯಾರಿಗೂ ತಿಳಿಯದಂತೆ ಓಡಿಸುತ್ತವೆ. ಹಳೆಯ ದೋಣಿಗೆ ಇಂಥ ಸಾಧನ ಕೂರಿಸಲು ಹೊರಟವರು ಅದಕ್ಕೂ ಮುನ್ನ ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸುವುದು ವಿವೇಕ. ಮಾಡಿಸಿದ ಮೇಲೆ ಸಾಧನ ಬೇಡವೆನಿಸಿದರೂ ಆಶ್ಚರ್ಯವಿಲ್ಲ.

ಉಳಿದಿರುವುದು ಬಿಲ್ಲಿನ ಪ್ರಶ್ನೆ. ಥ್ರಾಟಲ್ ಹೊಂದಾಣಿಕೆಯನ್ನು ವರ್ಕ್‌ಶಾಪುಗಳು ಪ್ರತ್ಯೇಕ ಕೆಲಸವೆಂದು ಘೋಷಿಸಿ, ಅರ್ಧ ದಿನದ ಕೂಲಿ ನಿಗದಿಪಡಿಸಿ, ಅದಕ್ಕೆ ಬದಲಾಗಿ ಒಂದು ಪುಟದ ಅಳತೆಪಟ್ಟಿಯನ್ನು ಮಾಲೀಕರಿಗೆ ಕೊಡುವ ಪದ್ಧತಿ ಬರಬೇಕು. ಎರಡೂ ಎಂಜಿನ್‌ಗಳ ಕೆಳವೇಗ, ಹೊರೆಯಿಲ್ಲದ ಮೇಲ್ವೇಗ, ಹಿಡಿಕೆ ಅರ್ಧದಲ್ಲಿದ್ದಾಗಿನ ವೇಗ, ನೀರಿನಲ್ಲಿ ಪೂರ್ತಿ ಹೊರೆಯ ವೇಗ; ಬೆಳಕಿನ ಟ್ಯಾಕೋಮೀಟರು ತೋರಿಸಿದ ಅಂಕಿಯ ಪಕ್ಕದಲ್ಲಿ ದೋಣಿಯ ಮೀಟರು ತೋರಿಸಿದ ಅಂಕಿ. ಹೊರೆಯಿಲ್ಲದಾಗ ಎರಡು ಎಂಜಿನ್‌ಗಳ ನಡುವಣ ವ್ಯತ್ಯಾಸ 25 ಸುತ್ತುಗಳನ್ನು ಮೀರಬಾರದೆಂಬ ಮಿತಿಯನ್ನು ಎಲ್ಲರೂ ಒಪ್ಪಿಕೊಳ್ಳಬಹುದು. ಅದು ಕೇಬಲ್ಲಿನ ಒಂದು ಸುತ್ತಿನಷ್ಟೇ. ದೋಣಿ ಕೊಳ್ಳುವ ಸರ್ಕಾರಿ ಇಲಾಖೆಗಳೂ ಖಾಸಗಿಯವರೂ ಟೆಂಡರು ಪತ್ರದಲ್ಲಿ ಈ ಮಿತಿಗೆ ಒಂದು ಸಾಲು ಮೀಸಲಿಟ್ಟರೆ ತಯಾರಕರು ಕೇಬಲ್ಲಿನ ಹಾದಿಯನ್ನು ತಾವಾಗಿ ಯೋಚಿಸುತ್ತಾರೆ.

ಕೂಲಿ ಹೆಚ್ಚಾಯಿತೆಂದು ಮಾಲೀಕರು ಆಕ್ಷೇಪಿಸುವುದು ಖಂಡಿತ. ಐದು ನಿಮಿಷದ ಕೆಲಸಕ್ಕೆ ಅರ್ಧ ದಿನದ ಹಣವೇ ಎಂಬ ಅವರ ಪ್ರಶ್ನೆಗೆ ಅಳತೆಪಟ್ಟಿಯನ್ನು ಮುಂದಿಡುವುದೇ ಉತ್ತರ. ವರ್ಕ್‌ಶಾಪುಗಳ ಕಡೆಯಿಂದಲೂ ಆಕ್ಷೇಪ ಬರುತ್ತದೆ: ಅಳತೆ ಬರೆದುಕೊಟ್ಟರೆ ನಾಳೆ ತಕರಾರಿಗೆ ಅದೇ ಆಧಾರವಾಗುತ್ತದೆಂದು. ಆಗಬಹುದು. ಆದರೆ ಸೀಲು ಒಡೆದ ತಡೆಸ್ಕ್ರೂ, ಬೇರೆ ಧ್ರುವಗಳ ಆಲ್ಟರ್ನೇಟರ್, ಎಂ5 ನಟ್ಟು ಇವೆಲ್ಲ ತಮ್ಮ ಕೈಗೆ ಬರುವ ಮುನ್ನವೇ ಇದ್ದವೆಂದು ತೋರಿಸಲು ವರ್ಕ್‌ಶಾಪಿಗೂ ಆ ಕಾಗದವೇ ರಕ್ಷಣೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳೂ ದಡದಲ್ಲಿರುತ್ತವೆ. ವರ್ಕ್‌ಶಾಪುಗಳಿಗೆ ಇದು ಬಿಡುವಿಲ್ಲದ ಕಾಲ. ಚಲನೆಯಿಲ್ಲದೆ ಕೂತ ಕೇಬಲ್ಲುಗಳಿಗೆ ಇದೇ ಕಾಲದಲ್ಲಿ ಉಪ್ಪುನೀರು ತುದಿಯ ರಬ್ಬರಿನ ಮೂಲಕ ಇಳಿದು ಒಳಎಳೆ ಗಡುಸಾಗುತ್ತದೆ. ಹೀಗಾಗಿ ಕೇಬಲ್ಲುಗಳ ಎರಡೂ ತುದಿಗಳನ್ನು ಕಳಚಿ ಕೈಯಿಂದ ಎಳೆದು ನೋಡಿ, ಬಿಗಿಯಾಗಿದ್ದವನ್ನು ಜೋಡಿಯಾಗಿ ಬದಲಿಸುವ ಕೆಲಸ ಋತು ತೆರೆಯುವ ವಾರಕ್ಕಲ್ಲ, ಅದಕ್ಕೆ ಒಂದು ತಿಂಗಳು ಮುಂಚೆ ಆಗಬೇಕು. ನೀರಿನ ಮೇಲಿನ ಹೊರೆಯ ಪರೀಕ್ಷೆ ಮಾತ್ರ ಸಮುದ್ರ ಶಾಂತವಾದ ಮೇಲೆ. ಕೇಬಲ್ ವ್ಯಾಪಾರಿಗಳು ಏಪ್ರಿಲ್ ಒಳಗೆ ಸರಕು ತರಿಸಿಟ್ಟರೆ ಜುಲೈಯ ಅವಸರದಲ್ಲಿ ಸಿಕ್ಕ ಉದ್ದದ ಕೇಬಲ್ಲನ್ನೇ ಸುರುಳಿ ಸುತ್ತಿ ಕೂರಿಸುವ ಪ್ರಸಂಗ ಬರುವುದಿಲ್ಲ.